ಬಿ.ಕಾಂ. ಎಂಬ ಒಂದು ಸಾಲು

ಬೆಂಗಳೂರು–ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಎಚ್.ಆರ್. ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತಳಾದ ಮೇಲೆ, ರಾಮನಗರದ ಒಂದು ತರಬೇತಿ ಕೇಂದ್ರದಲ್ಲಿ ವಾರಕ್ಕೆರಡು ದಿನ ಕೂರುತ್ತೇನೆ. ಕೆಲಸ ಹುಡುಕುವವರಿಗೆ ರೆಸ್ಯೂಮೆ ಬರೆಯಲು ನೆರವಾಗುವುದು ನನ್ನ ಪಾಲಿನ ಕೆಲಸ. ಮೂರು ವರ್ಷದ ಹಿಂದೆ ಬಂದ ಮಂಜುಳ ಇವತ್ತಿಗೂ ನೆನಪಿನಲ್ಲಿದ್ದಾರೆ.

ಮಂಜುಳ ಕನಕಪುರದವರು, ನಲವತ್ತರ ಆಸುಪಾಸು. ಹೊಲಿಗೆ ಆಪರೇಟರ್ ಆಗಿ ಸೇರಿ ಲೈನ್ ಸೂಪರ್‌ವೈಸರ್ ಆದವರು. ಒಂದು ಸಾಲು ಮಿಷಿನ್‌ಗಳ ಉಸ್ತುವಾರಿ ಅವರದು. ಕಾರ್ಖಾನೆ ದಿಢೀರನೆ ಮುಚ್ಚಿತ್ತು. ಹಾರೋಹಳ್ಳಿ ಕಡೆಯ ಹೊಸ ಕಾರ್ಖಾನೆಯೊಂದು ಸೂಪರ್‌ವೈಸರ್‌ಗಳನ್ನು ಹುಡುಕುತ್ತಿದೆ ಎಂದು ತಿಳಿದು, ಗೂಡ್ಸ್ ಆಟೊ ಓಡಿಸುವ ಗಂಡ ಶಿವಣ್ಣನವರೊಂದಿಗೆ ಬಂದಿದ್ದರು.

ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ರೆಸ್ಯೂಮೆ ಕೈಲಿತ್ತು. ಹಸಿರು ಅಂಚು, ಎರಡು ಪುಟ, ಮೇಲ್ಗಡೆ ಇಂಗ್ಲಿಷಿನ ಉದ್ದನೆಯ ಪ್ಯಾರಾ.

“ಇಲ್ಲಿ ಏನು ಬರೆದಿದೆ ಹೇಳಿ” ಎಂದೆ.

“ಗೊತ್ತಿಲ್ಲ ಮೇಡಂ. ಎಲ್ರುಗೂ ಅದ್ನೇ ಹಾಕ್ತೀವಿ ಅಂದ್ರು.”

ಕೆಳಗೆ ವಿದ್ಯಾಭ್ಯಾಸದ ಜಾಗದಲ್ಲಿ ಬಿ.ಕಾಂ. ಎಂದಿತ್ತು. ಯಾವ ಕಾಲೇಜು ಎಂದು ಕೇಳಿದಾಗ ಅವರು ಗಂಡನ ಮುಖ ನೋಡಿದರು. ಆಮೇಲೆ ಮೆಲ್ಲಗೆ, “ಪಿಯುಸಿನೇ ಆಗಿಲ್ಲ ಮೇಡಂ. ಡಿಗ್ರಿ ಇರ್ಬೇಕು ಅಂತ ಕೇಳವ್ರೆ, ಅದ್ಕೆ” ಎಂದರು.

ದೊಡ್ಡ ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತವೆ, ಅಂದರೆ ನೀವು ಬರೆದದ್ದು ನಿಜವೇ ಎಂದು ಹೊರಗಿನವರಿಂದ ವಿಚಾರಿಸುತ್ತವೆ, ಸೇರಿದ ಎಷ್ಟೋ ತಿಂಗಳ ಮೇಲೂ ತೆಗೆದುಹಾಕಬಹುದು ಎಂದು ವಿವರಿಸಿದೆ. ಶಿವಣ್ಣ ಒಪ್ಪಲಿಲ್ಲ.

“ಡಿಗ್ರಿ ಇಲ್ದಿದ್ರೆ ಗೇಟ್ ಒಳಕ್ಕೇ ಬುಡಾಕಿಲ್ಲ ಮೇಡಂ. ಬುಟ್ರೆ ತಾನೆ ಇವ್ಳು ಕೆಲ್ಸ ತೋರ್ಸೋದು?”

ಹಾಗೆ ಗೇಟಿನಿಂದಲೇ ವಾಪಸಾದವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಈ ಕೆಲಸ ಸಿಗದಿದ್ದರೆ ಮಂಜುಳ ಮತ್ತೆ ಆಪರೇಟರ್ ಆಗಿ ದಿನವಿಡೀ ಹೊಲಿಯಬೇಕಿತ್ತು. ಬಲಭುಜದ ನೋವಿನಿಂದಾಗಿ ಡಾಕ್ಟರು ಅದು ಬೇಡವೆಂದಿದ್ದರು. ತೀರ್ಮಾನ ನಿಮ್ಮದು ಎಂದು ಮಂಜುಳ ಅವರಿಗೆ ಹೇಳಿದೆ.

ಮಂಜುಳ ಹಾಳೆಯನ್ನು ನನ್ನ ಕಡೆ ಸರಿಸಿದರು. “ತೆಗ್ದುಬುಡಿ ಮೇಡಂ. ಯಾವತ್ತು ಕರ್ದು ಕೇಳ್ತಾರೋ ಅಂತ ದಿನಾ ಹೆದ್ರುಕೊಂಡು ಲೈನಲ್ಲಿ ನಿಂತ್ಕಳಕ್ಕೆ ನನ್ ಕೈಲಾಗಾಕಿಲ್ಲ.”

ಶಿವಣ್ಣ ಎದ್ದು ಆಟೊ ಹತ್ತಿರ ಹೋದರು.

ನಾವು ಹೊಸದಾಗಿ ಶುರುಮಾಡಿದೆವು. ಏನು ಕೆಲಸ ಮಾಡುತ್ತಿದ್ದಿರಿ ಎಂದರೆ “ಸೂಪರ್‌ವೈಸರ್ ಕೆಲ್ಸ” ಎಂದಷ್ಟೇ ಬಂತು. ಹೆಚ್ಚಿನವರು ಹೀಗೆಯೇ ಹುದ್ದೆಯ ಹೆಸರಿನಲ್ಲಿ ನಿಂತುಬಿಡುತ್ತಾರೆ. “ನಿಮ್ಮ ಲೈನಿನಲ್ಲಿ ತುಂಬ ಕಷ್ಟವಾಗಿದ್ದ ಕಾಲ ಯಾವುದು?” ಎಂದು ಕೇಳಿದೆ. ಆಗ ಮಾತು ಬಂತು. ಒಡಿಶಾದಿಂದ ಒಮ್ಮೆಗೇ ಬಂದಿಳಿದ ಹುಡುಗಿಯರಿಗೆ ಕನ್ನಡವೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಆಲ್ಟರೇಶನ್ ರಾಶಿ ಬೀಳುತ್ತಿತ್ತು, ಅಂದರೆ ಹೊಲಿಗೆ ಕೆಟ್ಟು ಬಿಚ್ಚಿ ಹೊಲಿಯಬೇಕಾದ ಪೀಸ್‌ಗಳು. ಬೈಗುಳ ತಿಂದ ಹುಡುಗಿಯರು ಊರಿಗೆ ಹೊರಟುಬಿಡುತ್ತಿದ್ದರು. ಮಂಜುಳ ಪ್ರತಿ ಮಿಷಿನ್ ಮೇಲೆ ಸರಿಯಾಗಿ ಹೊಲಿದ ಒಂದು ಕಾಲರ್, ಕೆಟ್ಟ ಒಂದು ಕಾಲರ್ ನೇತುಹಾಕಿದರು. ತಪ್ಪಿದ ಜಾಗಕ್ಕೆ ಕೆಂಪು ದಾರ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಕೈ ಹಿಡಿದು ತೋರಿಸಿದರು. ಆಲ್ಟರೇಶನ್ ಇಳಿಯಿತು, ಹುಡುಗಿಯರು ಉಳಿದರು.

ಅದನ್ನೇ ಮೊದಲ ಸಾಲಾಗಿ ಬರೆದೆ. ಅವರೇ ಓದಿ ಹೇಳಬಲ್ಲಂಥ ಸರಳ ಇಂಗ್ಲಿಷ್, ಒಂದೇ ಪುಟ. ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಪಾಸ್. ಎರಡು ಪ್ರತಿ ಒಯ್ಯಿರಿ, ಒಂದನ್ನು ಎಚ್.ಆರ್. ಆಫೀಸಿಗೆ ಕೊಟ್ಟು ಇನ್ನೊಂದನ್ನು ಪ್ರೊಡಕ್ಷನ್ ಮ್ಯಾನೇಜರ್‌ಗೆ ತಲುಪಿಸಿ ಎಂದೆ.

ಮಾರನೆಯ ವಾರ ಫೋನ್ ಬಂತು. “ಆಗ್ಲಿಲ್ಲ ಮೇಡಂ. ಡಿಗ್ರಿ ಇಲ್ದೋರ್ನ ತಕ್ಕಳಾಕಿಲ್ಲ ಅಂದ್ಬುಟ್ರು. ಇನ್ನೊಂದು ಪ್ರತಿನ ನೀವು ಯೋಳ್ದಂಗೆ ಮ್ಯಾನೇಜರ್‌ಗೆ ಅಂತ ಒಳಿಕ್ಕೆ ಕೊಟ್ಟು ಬಂದೆ.” ಶಿವಣ್ಣ ಹೇಳಿದ್ದೇ ನಿಜವಾಯಿತಲ್ಲ ಎಂದು ನನಗೆ ಮನಸ್ಸು ಭಾರವಾಯಿತು. ಬೇರೆ ಎರಡು ಕಡೆಗೆ ಅರ್ಜಿ ತಯಾರಿಸಿಕೊಟ್ಟೆ. ಅವೂ ಕೈಗೂಡಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ಅದೇ ಹಾರೋಹಳ್ಳಿ ಕಾರ್ಖಾನೆಯವರು ಮಂಜುಳ ಅವರನ್ನು ಕರೆದರು. ಹೊಸಬರು ನಿಲ್ಲದೆ ಪ್ರೊಡಕ್ಷನ್ ಮ್ಯಾನೇಜರ್ ತಲೆ ಕೆಡಿಸಿಕೊಂಡಿದ್ದರಂತೆ. ಟೇಬಲ್ ಮೇಲಿದ್ದ ಹಾಳೆ ತೋರಿಸಿ, “ಇದನ್ನ ನೀವೇ ಬರೆದಿದ್ದಾ?” ಎಂದು ಕೇಳಿದರಂತೆ.

“ಬರ್ದಿದ್ದು ಬೇರೇರು ಸಾರ್. ಮಾಡಿದ್ದು ನಾನು” ಎಂದರಂತೆ ಮಂಜುಳ.

ಅವತ್ತೇ ಹೊಸ ಹುಡುಗಿಯರ ಗುಂಪೊಂದರ ಮುಂದೆ ನಿಲ್ಲಿಸಿ ಕಲಿಸಿ ನೋಡಿ ಎಂದರು. ಸಂಜೆಗೆ ಟ್ರೈನರ್ ಕೆಲಸ ಕೊಟ್ಟರು. ಆ ಹುದ್ದೆಗೆ ಡಿಗ್ರಿಯ ಷರತ್ತು ಇರಲಿಲ್ಲ, ದಿನವಿಡೀ ಹೊಲಿಯುವುದೂ ಇರಲಿಲ್ಲ.

ಸುದ್ದಿ ತಿಳಿಸಲು ಇಬ್ಬರೂ ಬಂದರು. “ನಾನು ಯೋಳಿದ್ದೂ ಸುಳ್ಳಲ್ಲ ಮೇಡಂ, ಅವ್ರು ಮೊದ್ಲು ಬುಡ್ಲೇ ಇಲ್ವಲ್ಲ” ಎಂದರು ಶಿವಣ್ಣ. ಆಮೇಲೆ ನಗುತ್ತಾ, “ಆದ್ರೂ ನಿಜಾನೇ ಬರ್ಸಕ್ಕೆ ಒಸಿ ಧೈರ್ಯ ಬಂತು” ಎಂದರು. ಅವರ ಮಾತನ್ನು ನಾನೂ ಒಪ್ಪಿದೆ. ನಿಜ ಬರೆದವರಿಗೆಲ್ಲ ಹೀಗೆ ಬಾಗಿಲು ತೆರೆಯುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಳೆಯಲ್ಲಿರುವ ವ್ಯಕ್ತಿ ಮತ್ತು ಇಂಟರ್‌ವ್ಯೂಗೆ ಹೋಗಿ ಕೂರುವ ವ್ಯಕ್ತಿ ಒಬ್ಬರೇ ಆಗಿದ್ದರೆ, ಕೇಳುವ ಪ್ರಶ್ನೆ ಯಾವುದೇ ಇರಲಿ, ಉತ್ತರ ಅವರ ಬಳಿಯೇ ಇರುತ್ತದೆ.