ಗೆದ್ದ ದಿನದ ದೂರು

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣುಪಾದ, ಸ್ವಲ್ಪ ಹೊಳೆಯುವ ಚರ್ಮವಿತ್ತು. ಬ್ರಿಸ್ಬೇನಿನ ಮಾರ್ಚಿ ಸೆಕೆಗೂ ಜೂನಿನ ಚಳಿಗೂ ಅವರದು ಅದೇ ರಬ್ಬರ್ ಚಪ್ಪಲಿಯಾದ್ದರಿಂದ ಆ ಬೆರಳು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡುವಾಗ ಕಳೆದುಕೊಂಡದ್ದಂತೆ. "ಗೋಲ್ ಉಳೀತು, ಉಗುರು ಹೋಯ್ತು" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ನಾನು ಅವರನ್ನು ಅಂಕಲ್ ಎಂದು ಕರೆಯುತ್ತಿದ್ದೆ. ಆಸ್ಟ್ರೇಲಿಯಾದ ಕನ್ನಡಿಗರಲ್ಲಿ ನಮಗಿಂತ ಹತ್ತು ವರ್ಷ ದೊಡ್ಡವರೆಲ್ಲ ಅಂಕಲ್‌ಗಳೇ. ಸಂಕ್ರಾಂತಿ ಕಾರ್ಯಕ್ರಮಕ್ಕೆ ಹೋದರೆ ಮೂವತ್ತು ಜನ ಅಂಕಲ್‌ಗಳು ಸಿಗುತ್ತಿದ್ದರು, ಮೂವತ್ತು ಜನವೂ ವೀಸಾ ಬಗ್ಗೆ ಬುದ್ಧಿ ಹೇಳುತ್ತಿದ್ದರು. ಇವರೊಬ್ಬರು ಮಾತ್ರ ನನ್ನ ವೀಸಾ ಯಾವುದು ಎಂದು ಕೇಳಲೇ ಇಲ್ಲ. ಊರು ಯಾವುದೆಂದು ಕೇಳಿದರು. ತುಮಕೂರು ಎಂದೆ. ಅಂದಿನಿಂದ ಅವರಿಗೆ ನಾನು ತುಮಕೂರು.

೨೦೧೪ರಲ್ಲಿ ನಾನು ಎಂಜಿನಿಯರಿಂಗ್ ಮಾಸ್ಟರ್ಸ್ ಓದಲು ಬ್ರಿಸ್ಬೇನಿಗೆ ಹೋದೆ. ಇಂಡೂರೂಪಿಲ್ಲಿಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ, ಅಲ್ಲೇ ಶಾಪಿಂಗ್ ಸೆಂಟರಿನ ಪಾತ್ರೆ ಅಂಗಡಿಯಲ್ಲಿ ವಾರಕ್ಕೆ ಮೂರು ದಿನ ಕೆಲಸ. ಒಂದು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ಊರಿನ ನೆನಪಿನಲ್ಲಿ ಮುಖ ಊದಿಸಿಕೊಂಡು, ನಮ್ಮ ಕಾಲೇಜಿನ ಮೈದಾನದ ಪಕ್ಕ ನಡೆದು ಬರುತ್ತಿದ್ದೆ. ಬೇಲಿಯ ಆಚೆಯಿಂದ ಒಂದು ಗಂಟಲು ಕೂಗಿತು:

"ಬಿಡ್ಬೇಡ ಕಣೋ! ಬಿಡ್ಬೇಡ! ಮೇಲೆ ಹೋಗು!"

ನನ್ನ ಕಾಲು ನಿಂತುಬಿಟ್ಟಿತು. ಮೈದಾನದಲ್ಲಿದ್ದವರು ಕೆಂಚು ಕೂದಲಿನ, ಬಿಳಿ ತೊಡೆಯ ಆಸ್ಟ್ರೇಲಿಯನ್ ಹುಡುಗರು. ಅವರಲ್ಲೊಬ್ಬ ಆ ಕೂಗು ಕೇಳಿದವನೇ ನಿಜವಾಗಿ ಬಿಡದೆ ಎದುರಾಳಿಯ ಮೇಲೆ ಹೋಗಿ ಚೆಂಡು ಕಿತ್ತುಕೊಂಡ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬೇಲಿಗೆ ಒರಗಿದ್ದ ಬೊಕ್ಕತಲೆಯ ಆ ಮನುಷ್ಯ ತಿರುಗಿ ನೋಡಿ, "ಯಾವೂರಮ್ಮ?" ಎಂದರು. ಕನ್ನಡದವಳೆಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. "ಈ ಊರಲ್ಲಿ 'ಬಿಡ್ಬೇಡ' ಅಂದ್ರೆ ನಿಂತ್ಕೊಳ್ಳೋರು ಇನ್ಯಾರು?" ಎಂದರು.

ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಎಡಗಡೆಯ ರಕ್ಷಣೆಗೆ ಆಡಿದವರು ಅವರು. ಬ್ರಿಸ್ಬೇನಿಗೆ ಬಂದು ಇಪ್ಪತ್ತು ವರ್ಷ ಸಿಟಿ ಬಸ್ಸು ಓಡಿಸಿದ್ದರು, ಅದರಲ್ಲಿ ಬಹುಪಾಲು ಈ ಕಾಲೇಜಿನ ಮಾರ್ಗದಲ್ಲಿ. ಬಸ್ಸಿಗೆ ಹತ್ತಿಳಿಯುತ್ತಿದ್ದ ಹುಡುಗರೇ ಆಟ ನೋಡಲು ಕರೆದದ್ದು. ಮಗಳು ಅಡಿಲೇಡಿಗೆ ಮದುವೆಯಾಗಿ ಹೋದ ಮೇಲೆ ಶನಿವಾರಗಳೆಲ್ಲ ಕಾಲೇಜು ತಂಡಕ್ಕೆ ಮೀಸಲಾದವು.

ನಾವು ಖಾಯಂ ಅಭಿಮಾನಿಗಳು ನಾಲ್ಕೇ ಜನ. ಅಂಕಲ್, ನಾನು, ಉಳ್ಳಾಲದಿಂದ ಓದಲು ಬಂದಿದ್ದ ಇರ್ಫಾನ್, ಮತ್ತು ಡೇವ್ ಎಂಬ ಬಿಳಿಗಡ್ಡದ ಮುದುಕ. ತಂಡದ ಗೋಲ್‌ಕೀಪರ್ ಡೇವ್‌ನ ಮೊಮ್ಮಗ. ಆಟ ಮುಗಿದ ಮೇಲೆ ಅಂಕಲ್‌ನ ಹಳೆಯ ಬಿಳಿ ಕಾರಿನ ಡಿಕ್ಕಿ ತೆರೆಯುತ್ತಿತ್ತು. ಒಳಗೆ ದೊಡ್ಡ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ಡಬ್ಬಿಯಲ್ಲಿ ಆಂಟಿ ಮಾಡಿಕೊಟ್ಟ ಕೋಡುಬಳೆ. ಆದರೆ ಕಾಫಿ ಸುಮ್ಮನೆ ಸಿಗುತ್ತಿರಲಿಲ್ಲ. ಗೆದ್ದ ದಿನ ಪ್ರತಿಯೊಬ್ಬರೂ ತಂಡದ ಮೇಲೆ ಒಂದು ದೂರು ಹೇಳಬೇಕು. ಸೋತ ದಿನ ಒಂದು ಹೊಗಳಿಕೆ. ಅದಾದ ಮೇಲೆಯೇ ಕಾಫಿ. ಸೋತ ದಿನ ದೂರಿದವರಿಗೆ, ಗೆದ್ದ ದಿನ ಹೊಗಳಿದವರಿಗೆ ಬರೀ ಕೋಡುಬಳೆ.

"ಸೋತಾಗ ತಪ್ಪು ಹುಡುಕೋಕೆ ಏನಮ್ಮ, ಕುರುಡನಿಗೂ ಸಿಗುತ್ತೆ" ಎನ್ನುತ್ತಿದ್ದರು.

ಡೇವ್ ಈ ನಿಯಮವನ್ನು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ. ಆರು ಗೋಲು ತಿಂದು ಸೋತ ದಿನವೂ ಗಡ್ಡ ಕೆರೆದುಕೊಂಡು ನಿಂತು, ಕೊನೆಗೆ, "ಅವರ ಸಾಕ್ಸು ತುಂಬ ಸ್ವಚ್ಛವಾಗಿತ್ತು" ಎಂದು ಹೇಳಿ ಕಾಫಿ ಇಸಿದುಕೊಂಡಿದ್ದ.

ನನಗೆ ಆಟ ನೋಡುವುದನ್ನು ಕಲಿಸಿದವರು ಅಂಕಲ್. ಮೊದಮೊದಲು ನಾನು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದೆ. ಅವರು ನನ್ನ ಭುಜ ಹಿಡಿದು ಇನ್ನೊಂದು ಮೂಲೆಗೆ ತಿರುಗಿಸುತ್ತಿದ್ದರು. "ಚೆಂಡನ್ನ ಎಲ್ಲಾರೂ ನೋಡ್ತಾರೆ ತುಮಕೂರು. ಚೆಂಡಿಲ್ದೋನ್ನ ನೋಡು. ಯಾರು ಸೊಂಟದ ಮೇಲೆ ಕೈ ಇಟ್ಕೊಂಡಿದಾನೆ, ಯಾರು ಕಾಲು ಎಳೀತಿದಾನೆ, ಅದನ್ನ ನೋಡು. ನಾನು ಬಸ್ಸು ಓಡಿಸೋವಾಗ ಮುಂದಿನ ರಸ್ತೆಗಿಂತ ಕನ್ನಡೀನೇ ಜಾಸ್ತಿ ನೋಡ್ತಿದ್ದೆ."

ಆ ಕನ್ನಡಿ ನನ್ನ ಕಡೆಗೂ ತಿರುಗಿತ್ತೆಂದು ಗೊತ್ತಾದದ್ದು ಮರುವರ್ಷ. ನಾನು ಒಂದು ವಿಷಯದಲ್ಲಿ ಫೇಲಾಗಿದ್ದೆ. ಮನೆಗೆ ಹೇಳಿರಲಿಲ್ಲ, ಜೊತೆಗಿದ್ದವರಿಗೂ ಹೇಳಿರಲಿಲ್ಲ. ಶನಿವಾರ ಬಂದು ಎಲ್ಲರ ಜೊತೆ ಗಟ್ಟಿಯಾಗಿ ನಗುತ್ತಿದ್ದೆ. ಮೂರನೆಯ ವಾರ ನಾನು ದೂರು ಹೇಳಿದಾಗ ಅಂಕಲ್ ಕಾಫಿ ಬಗ್ಗಿಸಲಿಲ್ಲ. ಉಳಿದವರು ಹೋಗುವ ತನಕ ಕಾದರು.

"ಮೂರು ವಾರದಿಂದ ಅದೇ ದೂರು ಹೇಳ್ತಿದೀಯ. ನೀನು ಆಟ ನೋಡ್ತಿಲ್ಲ. ಏನಾಗಿದೆ?"

"ಏನಿಲ್ಲ ಅಂಕಲ್."

"ಏನಾಗಿದೆ?"

"ಏನೂ ಇಲ್ಲ ಅಂಕಲ್, ಸ್ವಲ್ಪ ಸುಸ್ತು."

"ಮೂರನೇ ಸಲ ಕೇಳ್ತಿದೀನಿ. ಏನಾಗಿದೆ?"

ಹೇಳಿಬಿಟ್ಟೆ. ಡಿಕ್ಕಿಯ ಅಂಚಿನ ಮೇಲೆ ಕೂತು, ಮೂಗು ಸೋರಿಸಿಕೊಂಡು, ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಫೋನು ನನ್ನ ಕೈಗೇ ಕೊಟ್ಟು, "ಅಮ್ಮನಿಗೆ ಮಾಡು, ನಾನು ಅಲ್ಲಿ ಬೇಲಿ ಹತ್ರ ನಿಂತಿರ್ತೀನಿ" ಎಂದರು. ಸೋಮವಾರ ನನ್ನನ್ನು ಕಾಲೇಜಿನ ಕಚೇರಿಗೆ ಕರೆದುಕೊಂಡು ಹೋಗಿ, ನಾನು ಒಳಗೆ ಮಾತಾಡಿ ಬರುವ ತನಕ ಹೊರಗಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದರು. ಆ ದಿನ ಅವರು ಹಾಗೆ ಕೇಳದೆ ಹೋಗಿದ್ದರೆ ನಾನು ಓದು ಬಿಟ್ಟು, ಯಾರಿಗೂ ಮುಖ ತೋರಿಸದೆ ಎಲ್ಲೋ ಇರುತ್ತಿದ್ದೆ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ.

ಇನ್ನು ಹೇಳಲು ಮನಸ್ಸಿಲ್ಲದ ಭಾಗ.

ಅದರ ಮುಂದಿನ ಮಾರ್ಚಿಯಲ್ಲಿ ಹೊಸ ಸೀಸನ್ನಿನ ಮೊದಲ ಆಟ ನಮ್ಮ ಮೈದಾನದಲ್ಲೇ ಇತ್ತು. ಎದುರಾಳಿ ತಂಡ ಕೆಳಗಿನ ವಿಭಾಗದಿಂದ ಆಗಷ್ಟೇ ಮೇಲೆ ಬಂದದ್ದು, ಪಾಪ. ಅರ್ಧ ಸಮಯಕ್ಕೆ ಐದು ಗೋಲು, ಮುಗಿಯುವಾಗ ಎಂಟು. ಡೇವ್‌ನ ಮೊಮ್ಮಗ ತೊಂಬತ್ತು ನಿಮಿಷದಲ್ಲಿ ಚೆಂಡು ಮುಟ್ಟಿದ್ದು ಎರಡೇ ಸಲ. ಇರ್ಫಾನ್ ನೆಲದ ಮೇಲೆ ನಿಂತಿರಲಿಲ್ಲ. "ಅಂಕಲ್, ಬರ್ಕೊಳ್ಳಿ, ಈ ವರ್ಷ ಲೀಗ್ ನಮ್ದೇ!"

ಅಂದು ಅಂಕಲ್ ಚಪ್ಪಲಿಯಲ್ಲಿ ಬಂದಿರಲಿಲ್ಲ. ಕಪ್ಪು ಶೂ ಹಾಕಿದ್ದರು, ಅವರ ಕಾಲಿಗೆ ಎರಡು ಅಳತೆ ದೊಡ್ಡದು. ಅರ್ಧ ಸಮಯದಲ್ಲಿ ಮೈದಾನ ಸುತ್ತಿ ಆ ಬದಿಗೆ ಹೋಗುವುದು ಅವರ ಪದ್ಧತಿ, ಆ ದಿನ ಹೋಗಲಿಲ್ಲ. ಮಡಚುವ ಕುರ್ಚಿಯಲ್ಲಿ ಕೂತೇ ಇದ್ದರು. ಎರಡನ್ನೂ ನಾನು ನೋಡಿದೆ. ಚೆಂಡಿಲ್ಲದವನನ್ನು ನೋಡಲು ಕಲಿತವಳಲ್ಲವೇ, ಚೆನ್ನಾಗಿಯೇ ನೋಡಿದೆ.

ಡಿಕ್ಕಿ ತೆರೆಯಿತು. ಡೇವ್‌ನ ದೂರು: ಮೊಮ್ಮಗ ಕೆಲಸವಿಲ್ಲದೆ ನಿಂತು ನಿಂತು ಬಿಸಿಲಿಗೆ ಮೂಗು ಸುಟ್ಟುಕೊಂಡಿದ್ದಾನೆ. ಇರ್ಫಾನನ ದೂರು: ಹತ್ತಾಗಬೇಕಿದ್ದದ್ದು ಎಂಟಾಯಿತು. ನನ್ನ ಸರದಿ ಬಂತು. ಎಂಟು ಗೋಲಿನ ಅಮಲಿನಲ್ಲಿ ನನಗೆ ಒಂದು ದೂರೂ ಹೊಳೆಯಲಿಲ್ಲ, ಕಾಫಿ ಮಾತ್ರ ಬೇಕಿತ್ತು.

"ನನ್ನ ದೂರು ಅಂಕಲ್ ಮೇಲೆ. ಮೊದಲ್ನೇ ಮ್ಯಾಚಿಗೇ ಶೂ ಹಾಕ್ಕೊಂಡು ಮದುಮಗನ ಥರ ಬಂದಿದಾರೆ!"

ಎಲ್ಲರೂ ನಕ್ಕರು. ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು. "ಬೂಟು ಹಾಕಿದ್ರೆ ನನ್ನನ್ನೂ ಇಳಿಸ್ತಾರೇನೋ ಅಂತ ಕಣಮ್ಮ" ಎಂದು ಹೇಳಿ ನನಗೆ ಕಾಫಿ ಕೊಟ್ಟರು. ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಲೋಟ ತೆಗೆದುಕೊಂಡೆ.

ಇರ್ಫಾನ್ ಬಿಡಲಿಲ್ಲ. "ನಿಮ್ದೂ ಹೇಳಿ ಅಂಕಲ್, ಟೀಮ್ ಹೆಂಗಿದೆ?"

"ಇವತ್ತು ಏನೂ ಗೊತ್ತಾಗಲ್ಲಪ್ಪ. ಓಡೋ ಕೆಲಸಾನೇ ಇಲ್ದಿದ್ರೆ ಯಾರ ಕಾಲು ನೋಯ್ತಿದೆ ಅಂತ ಹೆಂಗೆ ಕಾಣುತ್ತೆ? ಮೂರನೇ ನಂಬರ್ ಹುಡುಗ ನೋಡಿ, ಎಡಗಾಲು ಊರ್ತಾನೇ ಇಲ್ಲ. ಎಂಟು ಗೋಲಾಯ್ತಲ್ಲ, ಯಾರೂ ಕೇಳ್ತಿಲ್ಲ ಅವನನ್ನ."

ನಾವೆಲ್ಲ ಮೂರನೇ ನಂಬರಿನ ಹುಡುಗನನ್ನು ನೋಡಿದೆವು. ಹೌದು, ಅವನು ಕುಂಟುತ್ತಿದ್ದ. "ಅಬ್ಬಾ, ಅಂಕಲ್ ಕಣ್ಣು!" ಎಂದು ಮೆಚ್ಚಿಕೊಂಡು ಕೋಡುಬಳೆ ಮುರಿದೆವು.

ಮರುವಾರ ಆಟ ಬೇರೆ ಊರಿನಲ್ಲಿತ್ತು, ಯಾರೂ ಹೋಗಲಿಲ್ಲ. ಅದರ ಮುಂದಿನ ಬುಧವಾರ ನಾನು ಅಂಗಡಿಯಲ್ಲಿ ಒಬ್ಬ ಹೆಂಗಸಿಗೆ ಕುಕ್ಕರಿನ ಮುಚ್ಚಳ ಹಾಕುವುದನ್ನು ತೋರಿಸುತ್ತಿದ್ದಾಗ ಇರ್ಫಾನನ ಫೋನು ಬಂತು. ಬೆಳಿಗ್ಗೆ ಸ್ನಾನದ ಮನೆಯಿಂದ ಬರುವಾಗ ಅಂಕಲ್ ಕುಸಿದಿದ್ದರು. ಹೃದಯ ಸೋತಿತ್ತು. ಆಂಬುಲೆನ್ಸ್ ಬರುವ ಮೊದಲೇ ಮುಗಿದಿತ್ತು. ನಾನು ಆ ಹೆಂಗಸಿಗೆ ಮುಚ್ಚಳ ಹಾಕುವುದನ್ನು ಪೂರ್ತಿ ತೋರಿಸಿದೆ. ಏಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಆ ಶನಿವಾರ ಹುಡುಗರು ತೋಳಿಗೆ ಕಪ್ಪು ಟೇಪು ಸುತ್ತಿಕೊಂಡು ಆಡಿದರು. ಮೂರನೇ ನಂಬರಿನವನು ಕಾಲು ನೋವಿಗೆ ಹೊರಗೆ ಕೂತಿದ್ದ, ಅವನೇ ಬೇಲಿಯ ಬಳಿ ಬಂದು "ಬಿಡ್ಬೇಡ! ಬಿಡ್ಬೇಡ!" ಎಂದು ಅವನ ನಾಲಿಗೆಗೆ ಬಂದ ಹಾಗೆ ಕೂಗುತ್ತಿದ್ದ. ಆದರೂ ಸೋತರು. ಆಟ ಮುಗಿದ ಮೇಲೆ ನಾವು ಮೂವರು ಅಭ್ಯಾಸಬಲದಿಂದ ಆ ಕಾರು ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತೆವು. ಸೋತ ದಿನವಾದ್ದರಿಂದ ಹೊಗಳಬೇಕಿತ್ತು. ಡೇವ್ ತನ್ನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಒಂದು ದೂರು, ಅದು ನನ್ನ ಮೇಲೆ. ಸೋತ ದಿನ ದೂರುವಂತಿರಲಿಲ್ಲ, ನುಂಗಿಕೊಂಡೆ.

ಓದು ಮುಗಿಯಿತು. ಪರ್ತ್‌ನಲ್ಲಿ ಕೆಲಸ ಸಿಕ್ಕಿ ಮೋರ್ಲಿಯಲ್ಲಿ ಮನೆ ಮಾಡಿದೆ. ಆಂಟಿ ಬ್ರಿಸ್ಬೇನಿನ ಮನೆ ಖಾಲಿ ಮಾಡಿ ಅಡಿಲೇಡಿಗೆ ಮಗಳ ಬಳಿ ಹೋದರು. ಎರಡು ವರ್ಷದ ಮೇಲೆ ಆಫೀಸಿನ ಕೆಲಸದ ಮೇಲೆ ಅಡಿಲೇಡಿಗೆ ಹೋದಾಗ ಅವರನ್ನು ನೋಡಲು ಹೋದೆ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಆ ಹಳೆಯ ಫ್ಲಾಸ್ಕೇ ಇತ್ತು. ಆಂಟಿ ನನ್ನ ಕೆನ್ನೆ ಸವರಿ, ಇಳಿದು ಹೋಗಿದ್ದೀಯ ಎಂದು ಬೈದು, ಎದುರು ಕೂತರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ತಾವಾಗಿಯೇ ಆ ಮೊದಲ ಆಟದ ದಿನದ ಸುದ್ದಿಗೆ ಬಂದರು.

"ಡಾಕ್ಟ್ರು ಫೆಬ್ರವರೀಲೇ ಅಡ್ಮಿಟ್ ಆಗಿ ಅಂದಿದ್ರು ಕಣಮ್ಮ. ಹಾರ್ಟಿಂದಾಗಿ ಕಾಲು ಊದ್ಕೊಂಡಿತ್ತು. ಮೊದಲ್ನೇ ಮ್ಯಾಚ್ ಆಗ್ಲಿ, ಆಮೇಲೆ ನೋಡೋಣ ಅಂದ್ರು. ಮಗಳಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಚಪ್ಪಲೀಲಿ ಹೋದ್ರೆ ಕಾಲು ಎಲ್ರಿಗೂ ಕಾಣುತ್ತೆ ಅಂತ ಅಳಿಯ ಬಿಟ್ಟು ಹೋಗಿದ್ದ ಶೂ ಹಾಕ್ಕೊಂಡು ಹೋದ್ರು. ವಾಪಸ್ ಬರೋ ಹೊತ್ತಿಗೆ ಇನ್ನೂ ಊದ್ಕೊಂಡು ಬಿಚ್ಚೋಕಾಗ್ಲಿಲ್ಲ. ನಾನೇ ಲೇಸ್ ಕತ್ತರಿಸ್ದೆ."



"ಆದ್ರೂ ಅವತ್ತು ಖುಷಿಯಾಗಿದ್ರಮ್ಮ, ನಿನ್ನಿಂದ" ಎಂದರು ಆಂಟಿ. ನನಗೆ ಸಮಾಧಾನವಾಗಲಿ ಎಂದೇ ಹೇಳುತ್ತಿದ್ದರು, ಮುಖದಲ್ಲಿ ನಗು ಇತ್ತು. "'ಯಾರೂ ನೋಡ್ಲಿಲ್ಲ ಕಣೆ, ತುಮಕೂರು ಮಾತ್ರ ಶೂ ನೋಡ್ಬಿಟ್ಲು. ಚೆನ್ನಾಗಿ ಕಲಿತಿದಾಳೆ' ಅಂದ್ರು. ಆಮೇಲೆ ಏನಂದ್ರು ಗೊತ್ತಾ? 'ಏನಾಗಿದೆ ಅಂಕಲ್ ಅಂತ ಒಂದ್ಸಲ ಕೇಳಿದ್ರೆ ಹೇಳೇ ಬಿಡ್ತಿದ್ದೆ. ಆಸ್ಪತ್ರೆಗೆ ನಡೀರಿ ಅಂತ ಎಳ್ಕೊಂಡು ಹೋಗಿರೋಳು. ಸದ್ಯ, ಕೇಳ್ಲಿಲ್ಲ' ಅಂತ ನಕ್ರು."

ನನ್ನನ್ನು ಅವರು ಮೂರು ಸಲ ಕೇಳಿದ್ದರು. ನಾನು ಅವರನ್ನು ಒಂದು ಸಲ ಕೇಳಬೇಕಿತ್ತು. ಲೋಟ ಕೊಡುವಾಗ ಅವರು ನನ್ನ ಮುಖ ನೋಡಿದ್ದು ಅದಕ್ಕೇ ಎಂದು ಆ ಮೇಜಿನ ಮುಂದೆ ಕೂತಾಗ ಅರ್ಥವಾಯಿತು.

ಆಂಟಿ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ.

"ತಾಳಿ ಆಂಟಿ. ನಂದೊಂದು ದೂರಿದೆ. ಅವತ್ತು ಗೆದ್ದಿದ್ವಿ, ಅವತ್ತೇ ಹೇಳ್ಬೇಕಿತ್ತು. ನಾನು ನೋಡ್ದೆ ಆಂಟಿ. ನೋಡಿ, ನಕ್ಕು, ಕಾಫಿ ಕುಡಿದು ಮನೆಗೆ ಹೋದೆ. ಕೇಳ್ಲಿಲ್ಲ."

ಅವರ ಮುಖದ ಮೇಲಿದ್ದ ನಗು ನಿಧಾನವಾಗಿ ಹೋಯಿತು. ಅಲ್ಲ ಎಂದು ಹೇಳುತ್ತಾರೆಂದು ಕಾದೆ, ಹೇಳಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಫ್ಲಾಸ್ಕು ಬಗ್ಗಿಸಿ, ಲೋಟ ತುಂಬ ಕಾಫಿ ಹಾಕಿ ನನ್ನ ಮುಂದೆ ಇಟ್ಟರು.