ನನಗೆ ಖೈದಿ ಎಂದು ಕೇಳಿಸಿತು

ಎಂಬತ್ತರ ದಶಕದ ನಡುವೆ ನಾನು ಅರಬ್ ನಾಡಿನ ಖಮೀಸ್ ಮುಶೈತ್‌ನ ಒಂದು ಟೈಲರ್ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸದಲ್ಲಿದ್ದೆ. ಅಂಗಡಿ ನೋಡಿಕೊಳ್ಳುತ್ತಿದ್ದವರು ಬಂಟ್ವಾಳ ಕಡೆಯ ಒಬ್ಬ ಬ್ಯಾರಿ. ನಾನು ಕಾಕ ಎನ್ನುತ್ತಿದ್ದೆ. ಇಸ್ತ್ರಿಯವನು ದಕ್ಷಿಣದ ಗಡಿಯಾಚೆಯವನು. ಅವನ ದೇಶದಲ್ಲಿ ಸರಕಾರ ಬಿದ್ದು ಗಲಭೆಯಾದಾಗ ಅವನ ತಮ್ಮ ಕಾಣೆಯಾಗಿದ್ದ. "ತಮ್ಮ ಎಲ್ಲಿದ್ದಾನೆಂದು ಗೊತ್ತಿರುವುದು ಆ ಖಾಇದ್ ಒಬ್ಬನಿಗೇ" ಎಂದು ಆಗಾಗ ಹೇಳುತ್ತಿದ್ದ. ನನ್ನದು ಕೇಳಿ ಕಲಿತ ಅರಬಿ. ಖೈದಿ ಎಂದೇ ಕಿವಿಗೆ ಬಿತ್ತು. ತಮ್ಮನ ಜೊತೆ ಜೈಲಿನಲ್ಲಿದ್ದ ಯಾರೋ ಪಾಪದವನು ಎಂದುಕೊಂಡೆ.

ಒಂದು ಬೆಳಿಗ್ಗೆ ಇಸ್ತ್ರಿಯವನು ಚಹಾ ತರಲು ಹೋಗಿದ್ದಾಗ ಸಪೂರ ಮನುಷ್ಯನೊಬ್ಬ ಕೋಟು ಹೊಲಿಸಲು ಬಂದ. ಆಚೀಚೆ ಇಬ್ಬರು ಅವನನ್ನು ಬಿಡದೆ ನಿಂತಿದ್ದರು. ಅವರಲ್ಲೊಬ್ಬ ಅವನನ್ನು ಅದೇ ಪದದಿಂದ ಕರೆದ. ಬಿಡುಗಡೆಯಾದರೂ ಕಾವಲು ತಪ್ಪಿಲ್ಲವಲ್ಲ ಎಂದು ನನಗೆ ಮರುಕವಾಯಿತು. ತೋಳಿನ ಉದ್ದ ಅಳೆಯುತ್ತಾ, ನಮ್ಮ ಇಸ್ತ್ರಿಯವನು ನಿಮ್ಮನ್ನು ಹುಡುಕುತ್ತಿದ್ದಾನೆ ಎಂದೆ. ತಮ್ಮನ ಹೆಸರು ಹೇಳಿದೆ, ಊರಿನ ಹೆಸರೂ ಹೇಳಿದೆ. ಅವನು ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿದ. ಚಾಚಿದ ತೋಳು ಅಲುಗಲಿಲ್ಲ.

ಅವರು ಹೋದ ಮೇಲೆ ಕಾಕ ಒಳಗಿನಿಂದ ಬಂದರು.

"ಎಂತ ಹೇಳಿದ್ದು ನೀನು ಅವನಿಗೆ?"

"ಪಾಪ ಕಾಕ, ಖೈದಿ ಅಲ್ವಾ..."

"ಖೈದಿ ಅಲ್ಲ ಮಾರಾಯ, ಖಾಇದ್! ಮಿಲಿಟ್ರಿಯ ದೊಡ್ಡವ. ಗಲಾಟೆಯಲ್ಲಿ ಇಡೀ ಒಂದು ಜಿಲ್ಲೆ ಅವನ ಕೈಯಲ್ಲಿತ್ತು. ಮೊದಲು ಹಳೇ ಸರಕಾರದ ಪರ, ಮತ್ತೆ ಹೊಸಬರ ಪರ. ಊರು ಉಳಿಸಿದ ಅಂತ ಅರ್ಧ ಜನ, ಗಂಡಸರನ್ನೆಲ್ಲ ಲಾರಿಗೆ ಹತ್ತಿಸಿದ ಅಂತ ಅರ್ಧ ಜನ. ಈಗ ಆಸ್ಪತ್ರೆಗೆ ಅಂತ ಇಲ್ಲಿಗೆ ಬಂದದ್ದು. ಅಲ್ಲಿ ಈಗಲೂ ಅವನದ್ದೇ ಮಾತು. ಇಷ್ಟು ವರ್ಷ ಇಲ್ಲಿದ್ದು ಇಷ್ಟೇನಾ ನಿನ್ನ ಅರಬಿ?"

ಇಸ್ತ್ರಿಯವನು ಚಹಾ ಹಿಡಿದು ಬಂದ. ನಾನೇ ಹೇಳಿದೆ. ಅವನು ಲೋಟಗಳನ್ನು ಕೆಳಗಿಟ್ಟ. ಇಸ್ತ್ರಿಪೆಟ್ಟಿಗೆಯ ವಯರು ಎಳೆದ.

"ಊರಿನ ಹೆಸರು ಹೇಳಿದೆಯಾ?"

"ಹೇಳಿದೆ."

"ಅಲ್ಲಿ ನನ್ನ ತಾಯಿ ಒಬ್ಬಳೇ ಇದ್ದಾಳೆ."

ಬೈಯಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಗಡಿಯ ಕಡೆ ಹೋಗುವ ಪಿಕಪ್ ಹತ್ತಿದ.

ಎಂಟು ದಿನ ಕಳೆದು ಆ ಮನುಷ್ಯ ಕೋಟು ಹಾಕಿ ನೋಡಲು ಬಂದ. ನಾನು ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಮೊಣಕಾಲೂರಿ ಕೆಳಗಿನ ಅಂಚು ಮಡಚುತ್ತಿದ್ದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ಮೆತ್ತಗೆ ಕೇಳಿದ:

"ನಿನ್ನ ಇಸ್ತ್ರಿಯವನು ತಾಯಿಯ ಹತ್ತಿರ ಹೋದನಾ?"

ತಾಯಿಯ ವಿಷಯ ನಾನು ಅವನಿಗೆ ಹೇಳಿರಲಿಲ್ಲ.

ಬಾಯಲ್ಲಿ ಸೂಜಿಗಳಿದ್ದವು. ಒಂದೊಂದೇ ತೆಗೆದು ಚುಚ್ಚುತ್ತಾ ಹೋದೆ. ಇಸ್ತ್ರಿಯವನು ಮರಳಿ ಬರಲಿಲ್ಲ. ಆ ಕೋಟಿಗೆ ನಾನೇ ಇಸ್ತ್ರಿ ಹಾಕಿ ಕೊಟ್ಟೆ.