ತಂಗಿಗೆ ಕೊಟ್ಟ ರಿಮೋಟ್

ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸುವ ವಿಡಿಯೋ ಗೇಮಿನಲ್ಲಿ ಕಾರ್ ರೇಸ್ ಆಡುವಾಗ ನನ್ನ ತಂಗಿ ಪ್ರತಿ ತಿರುವಿಗೂ ಮಡಿಕೇರಿ ಬಸ್ಸಿನಲ್ಲಿ ಕೂತವಳಂತೆ ಮೈ ವಾಲಿಸಿ, "ಹಿಡ್ಕೊಳ್ಳೀ!" ಎಂದು ಕೂಗುತ್ತಿದ್ದಳು. ಆದರೂ ಅವಳ ಕಾರು ಗೋಡೆಗೆ ಗುದ್ದುತ್ತಿತ್ತು. "ನಂಗೆ ಡ್ರೈವಿಂಗ್ ಬರಲ್ಲ ಬಿಡಣ್ಣ" ಎಂದು ನಗುತ್ತಿದ್ದಳು.

ಅವಳ ರಿಮೋಟಿನ ಬಲಗುಂಡಿ ತಡವಾಗಿ ಕೆಲಸ ಮಾಡುತ್ತಿತ್ತು. ಗೊತ್ತಿದ್ದೂ ಅದನ್ನೇ ಅವಳಿಗೆ ಕೊಡುತ್ತಿದ್ದೆ. ಓದಿನಲ್ಲಿ ಅವಳು ಮುಂದೆ, ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ನಾನು ಗೆಲ್ಲುತ್ತಿದ್ದದ್ದು ಆ ಆಟವೊಂದರಲ್ಲೇ.

ಈಗ ಅವಳು ಮಾದಾಪುರದಲ್ಲಿ ಟೀಚರ್. ಬಸ್ಸಿಗೆ ಕಾಯುತ್ತಾಳೆಯೇ ಹೊರತು ಸ್ಕೂಟರ್ ಕಲಿತಿಲ್ಲ. ಕೇಳಿದರೆ ಅದೇ ಮಾತು, "ನಂಗೆ ಡ್ರೈವಿಂಗ್ ಬರಲ್ಲ."

ಮೊನ್ನೆ ಅಟ್ಟದಿಂದ ಆ ಆಟವನ್ನು ಇಳಿಸಿದಾಗ ಒಳ್ಳೆಯ ರಿಮೋಟನ್ನು ಅವಳ ಕೈಗಿಟ್ಟು, ಮಾಡಿದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಎರಡೂ ರಿಮೋಟಿನ ಬಲಗುಂಡಿಯನ್ನು ಒತ್ತಿ ನೋಡಿದಳು.

"ಕಳ್ಳ ಕಣೋ ನೀನು! ಇಷ್ಟ್ ವರ್ಷ ನಂಬಿಸ್ಬಿಟ್ಯಲ್ಲ!"

"ತಪ್ಪಾಯ್ತು ಕಣೇ."

"ತಪ್ಪೆಲ್ಲ ಆಮೇಲೆ. ನಿನ್ ಸ್ಕೂಟರ್ ಕೀ ಕೊಡು. ಹಿಂದೆ ನೀನೇ ಕೂರ್ಬೇಕು."

ಮನೆಯ ಮುಂದೆ ಕಾಫಿ ಒಣಗಿಸುವ ಕಣ ಖಾಲಿಯಿತ್ತು. ಅವಳು ತಡವರಿಸುತ್ತ ಹೊರಟು, ಮೂಲೆ ಬಂದಾಗ ಇಡೀ ಮೈ ವಾಲಿಸಿದಳು.

"ಹಿಡ್ಕೊಳ್ಳೀ!"

ನಾನು ಗಟ್ಟಿಯಾಗಿ ಹಿಡಿದುಕೊಂಡೆ.